ಆರಡಿ ಗೀರು, ಒಂದು ಉಸಿರು

ನಮ್ಮ ಭಾವ ಮೂವತ್ತು ವರ್ಷದಿಂದ ಗಾಜು ಕತ್ತರಿಸುತ್ತಿದ್ದಾರೆ. ಈ ಕೆಲಸದಲ್ಲಿ ಗಾಜಿನ ಮೇಲೆ ಕಟರಿನಿಂದ ಎಳೆಯುವ ಗೀರು ಒಂದೇ ಎಳೆತಕ್ಕೆ ಬರಬೇಕು. ನಡುವೆ ನಿಲ್ಲಿಸಿದರೆ, ಅದರ ಮೇಲೇ ಇನ್ನೊಮ್ಮೆ ಎಳೆದರೆ, ಗಾಜು ತನಗೆ ಮನಸ್ಸು ಬಂದ ಕಡೆ ಸೀಳುತ್ತದೆ.

ಹೋದ ವರ್ಷ ಅವರ ಬಲಭುಜ ಬಿಗಿದುಕೊಂಡಿತು. ನಿದ್ದೆ ಹೋಯಿತು, ಮೂಗಿನ ತುದಿಗೆ ಸಿಟ್ಟು ಬಂತು. ಆರಡಿ ಗೀರಿನಲ್ಲಿ ನಾಲ್ಕನೇ ಅಡಿಗೆ ಬರುವಾಗ ಕೈ ನಡುಗುತ್ತಿತ್ತು. ಒಂದೇ ತಿಂಗಳಲ್ಲಿ ಮೂರು ದೊಡ್ಡ ಹಾಳೆ ಚೂರಾದವು. ಅಂಗಡಿ ಮಾಲೀಕ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇನ್ನು ಮೇಲೆ ಫೋಟೋ ಗಾಜು ನೋಡಿಕೊಳ್ಳಿ ಎಂದು ಮೂಲೆಯ ಸಣ್ಣ ಮೇಜು ತೋರಿಸಿದ. ದೊಡ್ಡ ಮೇಜಿನ ಜೊತೆ ಭಾವನ ಗತ್ತೂ ಹೋಯಿತು.

ಅಕ್ಕ ಅವರನ್ನು ಯೋಗದ ತರಗತಿಗೆ ಅಟ್ಟಿದಳು, ಕಾವಲಿಗೆ ನನ್ನನ್ನೂ. ಕಲಿಸುವವರು ನಿವೃತ್ತ ನರ್ಸ್. ನನ್ನ ಹಣೆಗೂ ಮೊಣಕಾಲಿಗೂ ಮಧ್ಯೆ ಹೊಟ್ಟೆ ಎಂಬ ಮಧ್ಯಸ್ಥನಿದ್ದಾನೆ. ಅವೆರಡನ್ನು ಸೇರಿಸುವ ಪ್ರಯತ್ನವನ್ನು ಆಕೆ ಎರಡನೇ ದಿನವೇ ಕೈಬಿಟ್ಟರು. ಭಾವನನ್ನು ಮಾತ್ರ ಬಿಡಲಿಲ್ಲ. ತೋಳು ಎತ್ತಿಸಿ, ಅವರ ಎದೆಯನ್ನೇ ನೋಡುತ್ತಾ ಕೇಳಿದರು.

"ಉಸಿರು ಯಾಕ್ರೀ ಬಿಗಿ ಹಿಡಿದಿದೀರ?"

ಗೀರು ಮುಗಿಯುವವರೆಗೆ ಉಸಿರಾಡಬಾರದು, ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಕಲಿತದ್ದು ಎಂದರು ಭಾವ.

"ಇಪ್ಪತ್ತನೇ ವಯಸ್ಸಲ್ಲಿ ನಡೀತಿತ್ತು. ಈಗ ಎಳೀತಾ ಎಳೀತಾ ಉಸಿರು ಬಿಡಿ, ನಿಧಾನಕ್ಕೆ."

ಮೂರು ತಿಂಗಳಲ್ಲಿ ಭುಜ ಇಷ್ಟಿಷ್ಟೇ ಸಡಿಲಾಯಿತು, ನಿದ್ದೆ ಮರಳಿತು. ಮೊದಲು ಅಕ್ಕನ ಮಾತು ಅರ್ಧ ಕೇಳಿ ಸಿಡುಕುತ್ತಿದ್ದವರು ಈಗ ಪೂರ್ತಿ ಕೇಳಿ ಸಿಡುಕತೊಡಗಿದರು.

ಆದರೆ ದೊಡ್ಡ ಗಾಜನ್ನು ಇನ್ನೂ ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲೇ ಇದ್ದೆ. ದೊಡ್ಡ ಮೇಜಿನ ಇನ್ನೊಬ್ಬ ಕೆಲಸಗಾರ ಬಂದಿರಲಿಲ್ಲ. ಕ್ಷೌರದಂಗಡಿಯವನ ಕನ್ನಡಿ ಅವತ್ತೇ ಹೋಗಬೇಕು, ಇದ್ದದ್ದು ಒಂದೇ ಹಾಳೆ. ನಾನು ಎಳೀತೀನಿ ಎಂದರು ಭಾವ.

"ಒಡೆದ್ರೆ?" ಎಂದ ಮಾಲೀಕ.

"ಒಡೆದ್ರೆ ಮೂಲೆ ಮೇಜೇ ನಂಗೆ ಖಾಯಂ. ಮತ್ತೆ ಕೇಳಲ್ಲ."

ಕಟರಿನ ಮೊನೆಯನ್ನು ಎಣ್ಣೆಗೆ ಅದ್ದಿದರು. ಗುರುತಿನ ಮೇಲೆ ಅಳತೆಪಟ್ಟಿ ಇಟ್ಟರು, ಭುಜ ಇಳಿಬಿಟ್ಟರು. ಕಿರ್ರೆಂದು ಗೀರು ಹೊರಟಿತು. ಒಂದಡಿ, ಎರಡಡಿ. ಮೂಗಿನಿಂದ ಸಣ್ಣಗೆ ಗಾಳಿ ಹೋಗುವುದು ನನಗೂ ಕೇಳಿಸುತ್ತಿತ್ತು. ನಾಲ್ಕನೇ ಅಡಿಯಲ್ಲಿ ಗೀರಿನ ಸದ್ದು ಕ್ಷೀಣಿಸಿತು. ಮಾಲೀಕ ಒಂದು ಹೆಜ್ಜೆ ಹಿಂದೆ ಸರಿದ. ನಾನು ಧೈರ್ಯಸ್ಥನಾದ್ದರಿಂದ ಬಾಗಿಲ ತನಕ ಸರಿದೆ. ಭಾವನ ಉಸಿರು ಮಾತ್ರ ಮುಗಿದಿರಲಿಲ್ಲ. ಕೈ ಅದರ ಜೊತೆಗೇ ಹೋಗಿ ಅಂಚು ಮುಟ್ಟಿತು.

ಇನ್ನು ಮುರಿಯುವುದು ಬಾಕಿ. ಗೀರನ್ನು ಮೇಜಿನ ಅಂಚಿಗೆ ಸರಿಸಿ, ಎರಡೂ ಅಂಗೈ ಇಟ್ಟು ಒತ್ತಿದರು.

ಟಕ್.

ಮಾಲೀಕ ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಅಂಚು ನೋಡಿದ. ಹೊಗಳುವ ಜಾಯಮಾನ ಅವನದಲ್ಲ.

"ಊಟ ಆದ್ಮೇಲೆ ಇನ್ನೆರಡು ಇದೆ. ಈ ಮೇಜಲ್ಲೇ ಇರಿ."

ಭಾವ ಕೈ ಒರೆಸಿಕೊಂಡು, ಆ ಎರಡರ ಅಳತೆ ಕೇಳಿದರು.