ಮೊದಲ ಎಲೆ ಯಾರಿಗೆ?

ಬಂಧುಗಳೇ, ಇವತ್ತು ಮಧ್ಯಾಹ್ನ ಕೌದಳ್ಳಿಯಲ್ಲಿ ತಂಗಿಯ ಹೋಟೆಲಿನಲ್ಲಿ ಕೂತಿದ್ದೆ. ಕಾರೊಂದು ಬಂದು ನಿಂತಿತು. ಒಳಗಿದ್ದವನು ಇಳಿಯಲೂ ಇಲ್ಲ. ಫೋನ್ ನೋಡಿ, "ಒಂದೇ ಸ್ಟಾರ್ ಇದೆ, ಮುಂದೆ ಹೋಗೋಣ" ಅಂದ. ಈ ವಾರವೆಲ್ಲ ಇದೇ ಕಥೆಯಂತೆ.

ಹೋಟೆಲಿಗೆ ಒಂದು ಸ್ಟಾರ್ ಕೊಟ್ಟು ಯಾರೋ ಫೋನಿನ ಮ್ಯಾಪಿನಲ್ಲಿ ಬರೆದು ಹಾಕಿದ್ದಾರೆ: "ಕಾರಿನವರನ್ನು ಹತ್ತು ನಿಮಿಷ ಕಾಯಿಸಿ, ನಡೆದು ಬಂದವರಿಗೆ ಮೊದಲು ಬಡಿಸುತ್ತಾರೆ." ನಿಜವೇ. ಹರಕೆ ಹೊತ್ತು ಬೆಟ್ಟದ ದೇವರ ದರ್ಶನಕ್ಕೆ ನಡೆದು ಹೋಗುವವರಿಗೆ ಮೊದಲ ಎಲೆ ಹಾಕುವುದು ನಮ್ಮವ್ವ ಕಲಿಸಿದ ಪದ್ಧತಿ.

ತಂಗಿ ಮಿಕ್ಕ ಅನ್ನ ನೋಡುತ್ತಾ ಕೇಳಿದಳು: "ಅಣ್ಣ, ನಾಳಿಂದ ಕಾರ್‌ನೋರ್ಗೇ ಮೊದ್ಲು ಇಕ್ಲಾ? ಇಲ್ದಿದ್ರೆ ಓಟ್ಲು ಮುಚ್ಬೇಕಾಯ್ತದೆ."

ಅಷ್ಟರಲ್ಲಿ ನಾಲ್ವರು ಬರಿಗಾಲಿನಲ್ಲಿ ಬಂದರು. ಅವಳು ಎದ್ದು ಹೋಗಿ ಎಲೆ ಹಾಕಿದಳು. ಅವರು ಉಂಡು, ಕೈಮುಗಿದು ಹೋದರು.

ಅವರು ಕೈಮುಗಿದದ್ದು ಯಾವ ಫೋನಿನಲ್ಲೂ ಕಾಣುವುದಿಲ್ಲ. ಹತ್ತು ನಿಮಿಷ ಕಾದವನ ಸಿಟ್ಟು ಮಾತ್ರ ದೇಶಕ್ಕೆಲ್ಲ ಕಾಣುತ್ತದೆ.