ಒಳಗೆ ಬಿಟ್ಟ ಎರಡು ಇಂಚು

ಹೊಲಿಗೆಯಲ್ಲಿ ದರ್ಜಿಯದು ಎತ್ತಿದ ಕೈ. ಟೆನಿಸಿನಲ್ಲೂ ಕೈಯನ್ನೇನೋ ಎತ್ತುತ್ತಾನೆ, ಚೆಂಡು ಮಾತ್ರ ಬೇಲಿಯಾಚೆ ಬೀಳುತ್ತದೆ. ಎಂಟು ವರ್ಷಗಳಿಂದ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನು ಆಡುತ್ತಿದ್ದಾನೆ. ಇಷ್ಟು ವರ್ಷ ಆಡಿಯೂ ಆಟ ಕಲಿಯದೆ ಉಳಿಯುವುದು ಸುಲಭದ ಮಾತಲ್ಲ.

ಈ ಸಲ ಅವನು ಸಮುದ್ರದ ದಂಡೆಯ ಟೆನಿಸ್ ಶಿಬಿರಕ್ಕೆ ಹೊರಟಿದ್ದ. ಏಳು ದಿನ ಊಟ, ವಸತಿ, ಎರಡು ಹೊತ್ತು ಆಟ. ಹೋದ ವರ್ಷ ಪಕ್ಕದ ಔಷಧಿ ಅಂಗಡಿಯವನು ಅಲ್ಲಿಗೆ ಹೋಗಿ ಬಂದು, ತನ್ನನ್ನು ಸಾಧಾರಣ ಆಟಗಾರರ ಗುಂಪಿಗೆ ಹಾಕಿದ್ದರೆಂದು ಊರೆಲ್ಲ ಡಂಗುರ ಹೊಡೆದಿದ್ದ. ಅವನ ಬಾಯಿ ಮುಚ್ಚಿಸಬೇಕಿತ್ತು.

ಅರ್ಜಿಯಲ್ಲಿ ಮೂರು ಚೌಕಗಳಿದ್ದವು: ಹೊಸಬರು, ಸಾಧಾರಣ, ಪಳಗಿದವರು. ದರ್ಜಿಗೆ ಒಂದು ಅಭ್ಯಾಸ. ಯಾರ ಬಟ್ಟೆ ಹೊಲಿದರೂ ಒಳಗೆ ಎರಡು ಇಂಚು ಬಿಡುತ್ತಾನೆ. ಮನುಷ್ಯ ಎಂದಮೇಲೆ ಬೆಳೆಯುತ್ತಾನೆ, ಆಮೇಲೆ ಬಿಚ್ಚಿಕೊಂಡರಾಯಿತು ಎನ್ನುವುದು ಅವನ ವಾದ. ಅರ್ಜಿಯಲ್ಲೂ ಹಾಗೇ ಎರಡು ಚೌಕ ಬಿಟ್ಟು ಮೂರನೆಯದಕ್ಕೆ ಗುರುತು ಹಾಕಿದ. ಹೆಂಡತಿಯನ್ನು ‘ಜೊತೆಗೆ ಬರುವವರು, ಆಡುವುದಿಲ್ಲ’ ಎಂದು ಬರೆದ.

ಹೆಂಡತಿ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗಂಡಹೆಂಡಿರು ಎಲ್ಲಿಗಾದರೂ ಹೋಗಿ ಹನ್ನೊಂದು ವರ್ಷವಾಗಿತ್ತು. ಅಲ್ಲಿ ತಾನೇನು ಮಾಡಬೇಕೆಂದು ಅವಳು ಕೇಳಿದಳು. ತಂಪು ಗಾಳಿ ಇದೆ, ಒಳ್ಳೆಯ ಬೆಂಚು ಇದೆ ಎಂದ.

“ಬೆಂಚಿನ ಮೇಲೆ ಕೂರೋಕೆ ಅಷ್ಟು ದೂರ ಯಾಕ್ರೀ? ನೀವು ಹೋಗಿಬನ್ನಿ.”

ಅವಳಿಲ್ಲದ ರಜೆ ಅವನಿಗೆ ಬೇಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಟೇಪನ್ನು ಸುಮ್ಮನೆ ಸುತ್ತಿ ಬಿಚ್ಚಿದ.

ಮರುವಾರ ಶಿಬಿರದವರು, ಗುಂಪು ಖಚಿತಪಡಿಸಲು ಐದು ನಿಮಿಷದ ವಿಡಿಯೋ ಕಳಿಸಿ ಎಂದರು. ಭಾನುವಾರ ದರ್ಜಿ ಗರಿಗರಿ ಬಿಳಿ ಪ್ಯಾಂಟು ತೊಟ್ಟು, ಫೋನನ್ನು ಬೇಲಿಗೆ ಕಟ್ಟಿ ಆಟಕ್ಕೆ ನಿಂತ. ಎದುರಿಗೆ ಎಂದಿನಂತೆ ಹೆಂಡತಿ, ಕೈಯಲ್ಲಿ ಹಳೇ ರಾಕೆಟ್ಟು. ಗಂಡನ ಅಭ್ಯಾಸಕ್ಕೆ ಪ್ರತಿ ಭಾನುವಾರ ಚೆಂಡು ಹಾಕಿಕೊಡುವವಳು ಅವಳೇ, ಬೇಲಿಯಾಚೆ ಹೋದದ್ದನ್ನು ಹುಡುಕಿ ತರುವವಳೂ ಅವಳೇ. ಹುಡುಕಿ ಹುಡುಕಿ ಸಾಕಾಗಿ, ಅವನು ಎತ್ತ ಹೊಡೆದರೂ ಓಡಿಹೋಗಿ ಚೆಂಡನ್ನು ಒಳಗೇ ತಡೆದು, ಅವನ ರಾಕೆಟ್ಟಿನ ಮುಂದಕ್ಕೇ ಕಳಿಸುವುದನ್ನು ಕಲಿತಿದ್ದಳು. ಬೇಗ ಮುಗಿದರೆ ಮನೆಗೆ ಹೋಗಬಹುದಲ್ಲ. ಅಂದೂ ಹಾಗೇ ಮಾಡಿದಳು. ವಿಡಿಯೋ ನೋಡಿದ ದರ್ಜಿಗೆ ತನ್ನ ಆಟದ ಮೇಲೆ ತನಗೇ ಗೌರವ ಬಂತು.

ಶಿಬಿರದ ತರಬೇತುಗಾರ್ತಿಯ ಫೋನು ಬಂದಾಗ ಔಷಧಿ ಅಂಗಡಿಯವನು ಪ್ಯಾಂಟಿಗೆಂದು ಬಂದು ನಿಂತಿದ್ದ. ಅವನಿಗೂ ಕೇಳಲಿ ಎಂದು ದರ್ಜಿ ಸ್ಪೀಕರ್ ಹಾಕಿದ.

“ಸರ್, ನಿಮಗೆ ಹೊಸಬರ ಗುಂಪು ಸರಿಹೋಗುತ್ತೆ. ಎದುರಿಗೆ ಆಡ್ತಿದ್ರಲ್ಲ, ಅವರೂ ಬರ್ತಾರಾ? ಅವರಿಗೆ ಪಳಗಿದವರ ಗುಂಪಲ್ಲಿ ಒಂದು ಜಾಗ ಇದೆ.”

ಔಷಧಿ ಅಂಗಡಿಯವನು ನಕ್ಕು ನಕ್ಕು ಬಟ್ಟೆ ಗಂಟಿನ ಮೇಲೆ ಕುಸಿದ. ದರ್ಜಿ ಇಂಗು ತಿಂದ ಮಂಗನಂತಾದ. ಮೂಲೆಯತ್ತ ತಿರುಗಿದ. ಕಾಜಾದ ನಡುವೆ ಎಂದೂ ನಿಲ್ಲದ ಹೆಂಡತಿಯ ಸೂಜಿ ನಿಂತಿತ್ತು. ಅವಳ ಕಿವಿ ಕೆಂಪಾಗಿತ್ತು. ಊರವರ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಅವನು, ಎಂಟು ವರ್ಷದಲ್ಲಿ ಒಮ್ಮೆಯೂ ‘ನೀನೂ ಆಡ್ತೀಯಾ’ ಎಂದು ಕೇಳಿರಲಿಲ್ಲ. ಅವನಿಗೆ ತನ್ನ ಮೇಲೇ ಬೇಜಾರಾಯಿತು.

“ಬರ್ತೀಯಾ?” ಎಂದ.

ಅವಳು ಎದ್ದು ಬಂದು ಅವನ ಮುಂದೆ ನೆಟ್ಟಗೆ ನಿಂತು, ಅಳತೆಗೆ ತೋಳು ಚಾಚಿದಳು. ದರ್ಜಿ ಕೊರಳಿನ ಟೇಪು ತೆಗೆದ. ಬಿಳಿ ಬಟ್ಟೆಯ ಸುರುಳಿ ಬಿಚ್ಚಿ, ಅಭ್ಯಾಸಬಲದಿಂದ ಸೀಮೆಸುಣ್ಣದ ಗೆರೆಯನ್ನು ಎರಡು ಇಂಚು ಆಚೆ ಎಳೆಯಹೋದ. ಅವಳು ಕೈ ಅಡ್ಡ ಇಟ್ಟಳು.

“ಒಳಗೆ ಜಾಸ್ತಿ ಬಿಡಬೇಡಿ. ಸರಿಯಾದ ಅಳತೆಗೆ ಹೊಲೀರಿ. ನನಗೆ ಓಡೋದಿದೆ.”