‘ಇವತ್ತೇನ್ ಸಾರು?’ ಎಂದು ಕೇಳುವ ಶಾಂತಲಾ

ಮಡಿಕೇರಿ ಕಡೆಯ ಮೊದಲ ಬಸ್ಸು ಹುಣಸೂರು ನಿಲ್ದಾಣ ಬಿಡುವ ಹೊತ್ತು. ಹಳೇ ಹೊಗೆಸೊಪ್ಪಿನ ಗೋದಾಮಿನ ಮಹಡಿಯಲ್ಲಿರುವ ಜಿಮ್‌ನಲ್ಲಿ ಟೇಪ್ ರೆಕಾರ್ಡರ್ ಆಗಲೇ ಹಾಡುತ್ತಿದೆ. ಸೆರಗು ಸಿಕ್ಕಿಸಿಕೊಂಡವರು, ವೇಲಿಗೆ ಪಿನ್ನು ಹಾಕಿಕೊಂಡವರು, ಕಾಲ್ಗೆಜ್ಜೆಯ ಕೆಳಗೆ ಬಿಳಿ ಶೂ ತೊಟ್ಟವರು ಸಾಲಾಗಿ ನಿಂತು ಕೈಯೆತ್ತಿ ಇಳಿಸುತ್ತಿದ್ದಾರೆ. ಅವರ ಎದುರು ಜಿಗಿಯುತ್ತಲೇ ಶಾಂತಲಾ ಕೂಗುತ್ತಾರೆ:

“ಭಾಗ್ಯಕ್ಕ, ಇವತ್ತೇನ್ ಸಾರು?”

“ಹುರುಳಿಕಾಳು ಬೇಯಕ್ಕಿಟ್ ಬಂದಿವ್ನಿ ಕಣಮ್ಮಿ. ಕಟ್ಟು ಬಸ್ದು, ಬೆಳ್ಳುಳ್ಳಿ ಮೆಣಸಿನಕಾಯಿ ಅರ್ದು, ಕಾಳಿಗೊಂದು ಒಗ್ಗರಣೆ ಕೊಟ್ಟು...”

“ಇಷ್ಟುದ್ದ ಮಾತಾಡ್ತಿದ್ದೀರಲ್ಲ, ಮೈ ಇನ್ನೂ ಬಿಸೀನೇ ಆಗಿಲ್ಲ. ಎತ್ತಿ ಮಂಡಿ!”

ಮಹಡಿ ನಗುತ್ತದೆ. ಗೋಡೆಯ ಮೇಲೆ ಮಾತ್ರ, ವರ್ಷದಿಂದ ಇಲ್ಲದಿದ್ದ ಕಪ್ಪು ಬೋರ್ಡು ಇವತ್ತು ಮತ್ತೆ ತೂಗುಬಿದ್ದಿದೆ. ಕೆಳಗೆ ಹೊಸ ಸೀಮೆಸುಣ್ಣ. ಶಾಂತಲಾ ಆ ಕಡೆ ನೋಡುವುದಿಲ್ಲ.

ಗುಂಪು ವ್ಯಾಯಾಮದಲ್ಲಿ ಯಾರು ಎಷ್ಟು ಕ್ಯಾಲೊರಿ ಕರಗಿಸಿದರು ಎಂದು ಅಂದಾಜು ಹೇಳುವುದೂ ಅವರ ಕೆಲಸವೇ. ತೂಕವನ್ನು ಬಾಗಿಲ ಬಳಿಯ ಯಂತ್ರ ಹೇಳುತ್ತದೆ, ಹೊತ್ತನ್ನು ಗಡಿಯಾರ. ಎಷ್ಟು ಶ್ರಮಪಟ್ಟರು ಎಂಬುದನ್ನು ಉಸಿರು ಕೇಳಿಯೇ ತಿಳಿಯಬೇಕು. ಮೈಸೂರಿನ ತರಬೇತಿಯಲ್ಲಿ ಕಲಿಸಿದ್ದು ಹೀಗೆ: ಕುಣಿಯುತ್ತ ಹಾಡಬಲ್ಲವರದು ಹಗುರ ಶ್ರಮ, ಮಾತು ತುಂಡಾಗಿ ಬಂದರೆ ಮಧ್ಯಮ, ಮಾತೇ ಹೊರಡದಿದ್ದರೆ ಭಾರಿ. “ಹಾಡಿ ಅಂದ್ರೆ ನಮ್ಮೋರು ನಾಚ್ಕೋತಾರೆ. ಸಾರು ಅಂದ್ರೆ ತಾವಾಗೇ ಬಾಯಿ ಬುಡ್ತಾರೆ” ಎನ್ನುತ್ತಾರೆ ಶಾಂತಲಾ.

ಅವರದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಅವ್ವನ ಜೊತೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ ಕೂತು ಕೋಲಿಗೆ ಸೊಪ್ಪು ಕಟ್ಟುತ್ತಲೇ ಬೆಳೆದವರು. ಅಂಗೈಗೆ ಮೆತ್ತಿದ ಕಪ್ಪು ಅಂಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಊಟದ ತುತ್ತೂ ಕಹಿ. ಕಾಲೇಜಿನ ಓಟದಲ್ಲಿ ಗೆದ್ದ ಕಾಲುಗಳು ಮದುವೆಯಾದ ಮೇಲೆ ಸುಮ್ಮನಾದವು. ಗೂಡ್ಸ್ ಆಟೊ ಮಗುಚಿ ಗಂಡನ ಸೊಂಟ ಮುರಿದಾಗ ಇದೇ ಜಿಮ್‌ಗೆ ಕಸ ಗುಡಿಸಲು ಬಂದರು. ಹೆಂಗಸರ ಬ್ಯಾಚು ನಡೆಸಲು ಯಾರೂ ಸಿಗದಿದ್ದಾಗ ಮಾಲೀಕ ಧರ್ಮೇಂದ್ರ ಇವರನ್ನೇ ತರಬೇತಿಗೆ ಕಳಿಸಿದರು. ಈಗ ಬೆಳಿಗ್ಗೆ ಎರಡು ಬ್ಯಾಚು, ಸಂಜೆ ಒಂದು. ಮನೆಯ ಒಲೆ ಉರಿಯುವುದು ಇದರಿಂದಲೇ.

ಹೋದ ವರ್ಷದವರೆಗೆ ಆ ಕಪ್ಪು ಬೋರ್ಡಿನ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಕ್ಯಾಲೊರಿ ಬರೆಯುತ್ತಿದ್ದರು. ಶನಿವಾರ ಹೆಚ್ಚು ಅಂಕಿ ಬಂದವರಿಗೆ ಚಪ್ಪಾಳೆ. ಬೆಳಗಿನ ಬ್ಯಾಚಿಗೆ ಬರುತ್ತಿದ್ದ ಮಾಯಮ್ಮನಿಗೆ ಆ ಚಪ್ಪಾಳೆ ಒಮ್ಮೆಯೂ ಸಿಕ್ಕಿರಲಿಲ್ಲ. ಎಷ್ಟು ಕುಣಿದರೂ ಆಕೆಯ ಮಾತು ನಿಲ್ಲುತ್ತಿರಲಿಲ್ಲ.

ಹೋದ ಶ್ರಾವಣದ ಮೊದಲ ಶನಿವಾರ ಮಾಯಮ್ಮನದು ಒಪ್ಪೊತ್ತು, ದಿನಕ್ಕೆ ಒಂದೇ ಊಟದ ವ್ರತ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ನುಂಗಿ, ಬರೀ ಹೊಟ್ಟೆಯಲ್ಲಿ ಬಂದಿದ್ದರು. ಶಾಂತಲಾ ‘ಏನ್ ಸಾರು’ ಎಂದರೆ ಉತ್ತರವಿಲ್ಲ. “ಮಾಯಕ್ಕನ ಬಾಯೇ ಕಟ್ಟೋಯ್ತು ಕಣ್ರೇ! ಇವತ್ತು ಚೆನ್ನಾಗ್ ಕರಗ್ತಾ ಐತೆ!” ಎಂದು ಪಕ್ಕದಲ್ಲಿದ್ದ ಸುನಂದಮ್ಮ ಛೇಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಂತಲಾ ಬೋರ್ಡಿನ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಮಾಯಮ್ಮನ ಹೆಸರಿನ ಮುಂದೆ ಬರೆದು ತಿರುಗಿದರೆ, ಮಾಯಮ್ಮ ಗೋಡೆಗೊರಗಿ ಜಾರುತ್ತಿದ್ದರು.

ಮೈಸೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು. ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಮಿದುಳಿಗೆ ಪೆಟ್ಟು ಬಿದ್ದಿತ್ತು. ಜೀವ ಉಳಿಯಿತು, ನಡಿಗೆ ಮತ್ತು ಮಾತು ಹೋದವು.

“ಮಾತು ಬರ್ದಿದ್ರೆ ಜಾಸ್ತಿ ಶ್ರಮ ಅಂತ ಪಾಠದಲ್ಲಿತ್ತು, ಬರ್ದೆ” ಎನ್ನುತ್ತಾರೆ ಶಾಂತಲಾ. “ಮುಖ ನೋಡಿ ಬರೀಬೇಕಿತ್ತು ಕಣ್ರೀ.”

ಅಂದೇ ಬೋರ್ಡು ಇಳಿಸಿದರು. ಉತ್ತರ ಬಾರದವರನ್ನು ಈಗ ತಕ್ಷಣ ಕೂರಿಸುತ್ತಾರೆ. ಯಾರಾದರೂ ಒತ್ತಾಯಿಸಿ ಕೇಳಿದರೆ ಮೆಲ್ಲಗೆ ಒಂದು ಸಣ್ಣ ಅಂಕಿ ಹೇಳುತ್ತಾರೆ. ಆ ಸಣ್ಣ ಅಂಕಿಗೇ ಬ್ಯಾಚು ಅರ್ಧ ಖಾಲಿಯಾಗಿದೆ. ಧರ್ಮೇಂದ್ರ ಕಳೆದ ವಾರ ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದ್ದಾರೆ:

“ಬಸ್‌ಸ್ಟ್ಯಾಂಡ್ ಹತ್ರದ ಹೊಸ ಜಿಮ್‌ನಲ್ಲಿ ಮಿಷಿನ್ನು ಐನೂರು ತೋರಿಸ್ತದೆ. ನೀನು ಇನ್ನೂರು ಅಂದ್ರೆ ಯಾರಮ್ಮ ಬತ್ತಾರೆ?”

“ಅದರ ಮೇಲೆ ಯಾರ್ ಹತ್ತಿದ್ರೂ ಐನೂರೇ ಕಣಣ್ಣ. ನಾಯಿ ಹತ್ತಿದ್ರೂ ಐನೂರೇ.”

“ಆ ನಾಯಿನಾದ್ರೂ ಫೀಸ್ ಕಟ್ತದೆ ಬುಡು. ಶ್ರಾವಣದ ಮೊದಲ ಶನಿವಾರ ಬೋರ್ಡ್ ತುಂಬ ಅಂಕಿ ಇರ್ಬೇಕು. ಇಲ್ಲ ಅಂದ್ರೆ ಸೋಮವಾರದಿಂದ ಹೆಂಗಸರ ಬ್ಯಾಚು ಇಲ್ಲ.”

ಆ ಶನಿವಾರ ಇವತ್ತೇ. ಹಾಡು ಹಾಕುವ ಮೊದಲೇ, ಒಪ್ಪೊತ್ತಿನವರಿಗೆಲ್ಲ ಬಾಗಿಲಲ್ಲೇ ಬಾಳೆಹಣ್ಣು ಹಿಡಿದಿದ್ದಾರೆ ಶಾಂತಲಾ. “ಶನಿಮಹಾತ್ಮ ಬಾಳೆಹಣ್ಣಿಗೆ ಮುನಿಸ್ಕೊಳಲ್ಲ. ತಿನ್ನಿ, ಇಲ್ಲ ಮೂಲೇಲಿ ಕೂತ್ಕೊಳಿ.” ಸುನಂದಮ್ಮ ಗೊಣಗುತ್ತಲೇ ಸಿಪ್ಪೆ ಸುಲಿದಿದ್ದಾರೆ.

ಹಾಡು ನಿಲ್ಲುತ್ತದೆ. ಧರ್ಮೇಂದ್ರ ಬೀಗದ ಗೊಂಚಲು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಶಾಂತಲಾ ಸೀಮೆಸುಣ್ಣ ಎತ್ತಿಕೊಂಡು ಬರೆಯತೊಡಗುತ್ತಾರೆ. ಭಾಗ್ಯಮ್ಮ: ಹುರುಳಿಕಾಳಿನ ಬಸ್ಸಾರು. ಸುನಂದಮ್ಮ: ಮಸ್ಸೊಪ್ಪು. ಹೀಗೆ ಬಂದವರ ಹೆಸರೆಲ್ಲ, ಅವರವರ ಬಾಯಿಂದ ಬಂದ ಸಾರೆಲ್ಲ.

“ಇದೇನಮ್ಮಿ, ಓಟ್ಲು ಬೋರ್ಡಾ?” ಎನ್ನುತ್ತಾರೆ ಸುನಂದಮ್ಮ. ಉಳಿದವರು ಬೋರ್ಡಿನ ತುದಿ ನೋಡುತ್ತಿದ್ದಾರೆ. ಎಲ್ಲರ ಹೆಸರಿಗಿಂತ ಮೇಲೆ ಶಾಂತಲಾ ಇನ್ನೊಂದು ಹೆಸರು ಬರೆದಿದ್ದಾರೆ: ಮಾಯಮ್ಮ. ಅದರ ಮುಂದೆ ಏನೂ ಇಲ್ಲ. ಧರ್ಮೇಂದ್ರ ಅದನ್ನು ಓದಿ ಮೆಟ್ಟಿಲಿಳಿದು ಹೋಗುತ್ತಾರೆ.

“ಸೋಮವಾರ ಬೀಗ ಹಾಕೇ ಹಾಕ್ತಾರೆ” ಎನ್ನುತ್ತ ಶಾಂತಲಾ ಬೆವರು ಒರೆಸಿಕೊಳ್ಳುತ್ತಾರೆ. “ಹಾಕ್ಲಿ ಬುಡಿ. ಸೊಪ್ಪು ಕಟ್ಟೋ ಕಾಲ, ಬ್ಯಾರನ್‌ನಲ್ಲಿ ಕೂಲಿ ಸಿಕ್ತದೆ.”

ಅಲ್ಲಿಂದ ನೇರ ಕಲ್ಕುಣಿಕೆಯ ಮಾಯಮ್ಮನ ಮನೆ. ಈ ಒಂದು ವರ್ಷ ತಪ್ಪಿಸಿದ ದಿನವಿಲ್ಲ. ಸೊಸೆ ಸುಧಾ ಅತ್ತೆಯ ಗಂಜಿಯ ಬಟ್ಟಲನ್ನು ಇವರ ಕೈಗೆ ಕೊಟ್ಟು ಬಟ್ಟೆ ಒಗೆಯಲು ಹೋಗುತ್ತಾರೆ. ಶಾಂತಲಾ ಚಮಚ ತುಂಬಿ, ಮಂಚದ ಮೇಲಿನ ಮುಖವನ್ನೇ ನೋಡುತ್ತ ಕೇಳುತ್ತಾರೆ:

“ಮಾಯಕ್ಕ, ಇವತ್ತೇನ್ ಸಾರು?”

ಕೇಳಿ ಕಾಯುತ್ತಾರೆ. ಗಂಜಿ ಆರುತ್ತದೆ.

“ದೊಡ್ಡ ಆಸೆ ಏನಿಲ್ಲ ಕಣ್ರೀ” ಎನ್ನುತ್ತಾರೆ. “ಒಂದಿನ ಮಾಯಕ್ಕ ಉಪ್ಸಾರು ಅಂದ್ಬುಟ್ರೆ ಸಾಕು.”